ಜಿನ್‌ಫ್ಯಾಂಡೆಲ್: ಯಾವುದನ್ನು ಇಡಬೇಕು, ಯಾವುದನ್ನು ಕುಡಿದು ಮುಗಿಸಬೇಕು

ಜಿನ್‌ಫ್ಯಾಂಡೆಲ್ ಎಂಬ ದ್ರಾಕ್ಷಿಯ ಕೆಂಪು ವೈನ್‌ಗಳನ್ನು ಪಕ್ಕಪಕ್ಕ ಸವಿದು ಹೋಲಿಸಲು ಒಂದೇ ವರ್ಷದ ಸುಗ್ಗಿಯ ಬಾಟಲಿಗಳನ್ನೇ ಆರಿಸಿ. ಇಲ್ಲದಿದ್ದರೆ ತೋಟದ ಗುಣ ಯಾವುದು, ಆ ವರ್ಷದ ಹವೆಯ ಗುಣ ಯಾವುದು ಎಂದು ತಿಳಿಯುವುದಿಲ್ಲ. ತಯಾರಕರೂ ಒಬ್ಬರೇ ಆದರೆ ಇನ್ನೂ ಒಳ್ಳೆಯದು. ಕ್ಯಾಲಿಫೋರ್ನಿಯಾದ ವೈನ್ ತಯಾರಕರಾದ ರಿಡ್ಜ್‌ನವರ ಗೈಸರ್‌ವಿಲ್ ಮತ್ತು ಲಿಟ್ಟನ್ ಸ್ಪ್ರಿಂಗ್ಸ್ ವೈನ್‌ಗಳು ಇದಕ್ಕೆ ಹೇಳಿಮಾಡಿಸಿದ ಜೋಡಿ: ಒಂದು ಅಲೆಕ್ಸಾಂಡರ್ ಕಣಿವೆಯದು, ಇನ್ನೊಂದು ಡ್ರೈ ಕ್ರೀಕ್ ಕಣಿವೆಯದು.

ಲೇಬಲ್ ಕಾಣದಂತೆ ಬಾಟಲಿಗಳಿಗೆ ಕಾಗದ ಸುತ್ತಿ, ಸಂಖ್ಯೆ ಬರೆದು, 16–18 ಡಿಗ್ರಿಯಲ್ಲಿ ಬಡಿಸಿ. ಬೆಚ್ಚಗಿದ್ದರೆ ಮದ್ಯಸಾರವೇ ಮೂಗಿಗೆ ಅಡರುತ್ತದೆ.

ಈ ದ್ರಾಕ್ಷಿಯ ತಂಟೆಯೇ ಬೇರೆ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಕಳಿತ ಹಣ್ಣು, ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ್ದು ಎಲ್ಲವೂ ಇರುತ್ತವೆ. ಕಾಯಿ ಹಣ್ಣಾಗಲೆಂದು ಕಾದರೆ ಸಕ್ಕರೆ ಏರುತ್ತದೆ, ಜೊತೆಗೆ ಮದ್ಯಸಾರವೂ. ಲೇಬಲ್ಲಿನಲ್ಲಿ ಶೇ. 15.5 ದಾಟಿದ್ದನ್ನು ನಾನು ಬಹುಕಾಲ ಇಡುವುದಿಲ್ಲ. ಹಣ್ಣಿನ ರುಚಿ ಇಳಿದು ಗಂಟಲಿನ ಉರಿ ಮಾತ್ರ ಉಳಿಯುತ್ತದೆ. ಹಳೆಯ ಬಳ್ಳಿಗಳ ನಡುವೆ ಪೆಟೀಟ್ ಸಿರಾ, ಕ್ಯಾರಿನ್ಯಾನ್ ಎಂಬ ಬೇರೆ ದ್ರಾಕ್ಷಿ ತಳಿಗಳು ಬೆರೆತಿರುವ ತೋಟಗಳದ್ದನ್ನು ಮಾತ್ರ ಧೈರ್ಯವಾಗಿ ಇಡುತ್ತೇನೆ. ಮೊದಲನೆಯದು ಒಗರು ಕೊಡುತ್ತದೆ, ಎರಡನೆಯದು ಹುಳಿ.

ಅರ್ಧ ಬಾಟಲಿಗೆ ಬಿರಡೆ ಹಾಕಿ ಮರುದಿನ ಸವಿಯಿರಿ. ಆಗಲೂ ಕಾಡುಹಣ್ಣಿನ ಘಮ ನಿಂತಿದ್ದರೆ ಅಂಥದ್ದನ್ನು ಹತ್ತು ವರ್ಷ ನಂಬಬಹುದು. ಉಳಿದವನ್ನು ಐದರೊಳಗೆ ಮುಗಿಸಿ.

ಇಡುವ ಜಾಗ ಕತ್ತಲಿರಲಿ, ಸುಮಾರು 13 ಡಿಗ್ರಿ ಇರಲಿ, ಬಾಟಲಿ ಮಲಗಿರಲಿ. ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಸಿ ತಳಕ್ಕಿಳಿಯುತ್ತದೆ.