ಚಿತ್ರದಲ್ಲೇ ಕಥೆ ಕಟ್ಟುವುದು: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೆಲವು ಚಟುವಟಿಕೆಗಳು

ಚಿತ್ರಗಳ ಮೂಲಕ ಕಥೆ ಹೇಳಿ ಎಂದರೆ ಹೆಚ್ಚಿನ ಮಕ್ಕಳು ಕಥೆಯ ಒಂದೇ ದೃಶ್ಯವನ್ನು ಆರಿಸಿಕೊಂಡು, ಅದರಲ್ಲಿ ಮರ, ಮನೆ, ಸೂರ್ಯ ಎಲ್ಲವನ್ನೂ ತುಂಬಿ, ಬಣ್ಣ ಹಚ್ಚುವುದರಲ್ಲೇ ಅವಧಿಯನ್ನು ಕಳೆಯುತ್ತಾರೆ. ಚಿತ್ರ ಚೆನ್ನಾಗಿರಬಹುದು, ಆದರೆ ಅಲ್ಲಿ ಏನೂ ನಡೆಯುವುದಿಲ್ಲ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಏನೋ ಬದಲಾಗಿ, ಆ ಬದಲಾವಣೆಯನ್ನು ನೋಡುವವರು ತಾವೇ ಊಹಿಸಿಕೊಂಡಾಗ ಮಾತ್ರ ಕಥೆ ಹುಟ್ಟುತ್ತದೆ. ಆದ್ದರಿಂದ ಅಂದವಾಗಿ ಬಿಡಿಸುವುದಕ್ಕಿಂತ, ಯಾವುದನ್ನು ತೋರಿಸಬೇಕು ಮತ್ತು ಯಾವುದನ್ನು ಕೈಬಿಡಬೇಕು ಎಂಬ ನಿರ್ಧಾರವನ್ನು ಮಕ್ಕಳಿಂದಲೇ ಮಾಡಿಸುವುದು ಇಲ್ಲಿ ಮುಖ್ಯ.

ಬಿಡಿ ಕಾರ್ಡುಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವುಗಳನ್ನು ಹಿಂದುಮುಂದು ಮಾಡಬಹುದು, ತೆಗೆಯಬಹುದು, ಸೇರಿಸಬಹುದು. ಹಳೆಯ ರಟ್ಟನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ, ಚಿಕ್ಕ ತರಗತಿಯವರಿಗೆ ಮೂರು, ದೊಡ್ಡವರಿಗೆ ಆರು ಕಾರ್ಡು ಕೊಡಿ. ಸದ್ಯಕ್ಕೆ ಪೆನ್ಸಿಲ್ ಸಾಕು. ಮುಖ್ಯ ಪಾತ್ರಕ್ಕೆ ಪಟ್ಟೆ ಅಂಗಿ ಅಥವಾ ಎರಡು ಜಡೆಯಂಥ ಗುರುತೊಂದು ಎಲ್ಲ ಕಾರ್ಡುಗಳಲ್ಲೂ ಇರಬೇಕು, ಇಲ್ಲದಿದ್ದರೆ ನೋಡುವವರಿಗೆ ಅದೇ ಹುಡುಗಿ ಎಂದು ತಿಳಿಯುವುದಿಲ್ಲ. ವಿಷಯ ಪುಟ್ಟದಾಗಿರಲಿ: ಒಂದು ಕೊಡೆ ಕಳೆದುಹೋಯಿತು ಎನ್ನುವಷ್ಟು. ಮೊದಲ ಕಾರ್ಡಿನಲ್ಲಿ ಹುಡುಗಿ ಕೊಡೆ ಹಿಡಿದು ಬರುತ್ತಾಳೆ, ಎರಡನೆಯದರಲ್ಲಿ ಅದನ್ನು ಬೆಂಚಿಗೆ ಒರಗಿಸಿ ಕುಳಿತಿದ್ದಾಳೆ, ಮೂರನೆಯದರಲ್ಲಿ ಬೆಂಚು ಮತ್ತು ಕೊಡೆ ಮಾತ್ರ ಇವೆ. ಯಾರೂ ಇಲ್ಲದ ಆ ಮೂರನೆಯ ಕಾರ್ಡೇ ಇಡೀ ಕಥೆಯನ್ನು ಹೊತ್ತಿದೆ ಎಂಬುದನ್ನು ಮಕ್ಕಳು ಬೇಗ ಗುರುತಿಸುತ್ತಾರೆ. ದೊಡ್ಡವರೇ ಅಲ್ಲಿ ಅಳುವ ಹುಡುಗಿಯನ್ನು ಸೇರಿಸಲು ಹೇಳಿ ಕೆಡಿಸುವುದುಂಟು.

ಬಿಡಿಸಿ ಮುಗಿದ ಮೇಲೆ ಕಾರ್ಡುಗಳನ್ನು ಕಲಸಿ ಪಕ್ಕದ ಜೋಡಿಗೆ ಕೊಡಿಸಿ. ಅವರು ಮಾತನಾಡದೆ ಸಾಲಾಗಿ ಜೋಡಿಸಬೇಕು, ಬಿಡಿಸಿದವರು ಸುಳಿವು ಕೊಡಬಾರದು. ಜೋಡಣೆ ಬೇರೆಯಾದರೆ ಅದನ್ನು ತಪ್ಪು ಎನ್ನದೆ, ಯಾವ ಕಾರ್ಡನ್ನು ನೋಡಿ ಹಾಗೆ ಅನ್ನಿಸಿತು ಎಂದು ಕೇಳಿದರೆ, ತಿದ್ದಬೇಕಾದ ಚಿತ್ರ ಯಾವುದೆಂದು ಬಿಡಿಸಿದವರಿಗೇ ಗೊತ್ತಾಗುತ್ತದೆ. ಬಳಿಕ ಯಾವುದಾದರೂ ಒಂದು ಕಾರ್ಡನ್ನು ಮುಚ್ಚಿಟ್ಟು ನೋಡಿ: ಕಥೆ ಆಗಲೂ ಅರ್ಥವಾದರೆ ಆ ಕಾರ್ಡು ಬೇಕಿರಲಿಲ್ಲ.

ಇದೇ ಆರು ಚಿತ್ರಗಳನ್ನು ಪುಸ್ತಕವಾಗಿಸಲು ಎ4 ಅಳತೆಯ ಒಂದು ಹಾಳೆ ಸಾಕು, ಅಂಟು ಬೇಕಿಲ್ಲ. ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಿಸಿ ಬಿಚ್ಚಿ, ನಂತರ ಅಡ್ಡಕ್ಕೆ ಅರ್ಧ ಮಾಡಿ, ಅದೇ ದಿಕ್ಕಿನಲ್ಲಿ ಮತ್ತೊಮ್ಮೆ ಅರ್ಧ ಮಾಡಿ ಬಿಚ್ಚಿದರೆ ಎಂಟು ಮನೆಗಳು ಕಾಣುತ್ತವೆ. ಈಗ ಅಡ್ಡಕ್ಕೆ ಒಮ್ಮೆ ಮಾತ್ರ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ ಕತ್ತರಿಸಬೇಕು. ಹಾಳೆಯನ್ನು ಬಿಚ್ಚಿ ಉದ್ದಕ್ಕೆ ಮಡಿಸಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದಾಗ ಸೀಳು ಬಾಯ್ತೆರೆದು ನಾಲ್ಕು ರೆಕ್ಕೆಗಳು ಮೂಡುತ್ತವೆ. ಅವನ್ನು ಒಂದೇ ಕಡೆಗೆ ಮಡಚಿದರೆ ಪುಸ್ತಕ ಸಿದ್ಧ. ಪುಟಸಂಖ್ಯೆಯನ್ನು ಈ ಹಂತದಲ್ಲೇ ಬರೆಸಿ, ಏಕೆಂದರೆ ಹಾಳೆಯನ್ನು ಬಿಚ್ಚಿದಾಗ ನಾಲ್ಕು ಪುಟಗಳು ತಲೆಕೆಳಗಾಗಿರುತ್ತವೆ. ಎರಡು ರಕ್ಷಾಪುಟಗಳ ನಡುವೆ ಸರಿಯಾಗಿ ಆರು ಪುಟ ಉಳಿಯುತ್ತವೆ. ಮುಂದಿನ ರಕ್ಷಾಪುಟವನ್ನೇ 1 ಎಂದು ಎಣಿಸಿದರೆ, ಓದುವವರು ಒಳಗಿನ ಹಾಳೆ ತಿರುವುವುದು 3 ಮತ್ತು 5ನೆಯ ಪುಟಗಳ ನಂತರ; ಹಾಗಾಗಿ ಕುತೂಹಲ ಹುಟ್ಟಿಸುವ ಚಿತ್ರ ಅಲ್ಲಿ ಬಂದರೆ ಚೆಂದ.

ತರಗತಿಯ ಮುಂದೆ ಹೇಳಲು ಜಪಾನಿನ ಕಾಮಿಶಿಬಾಯಿ ಕ್ರಮ ಬಹಳ ಅನುಕೂಲಕರವಾದದ್ದು. 1930ರ ದಶಕದಲ್ಲಿ ಅಲ್ಲಿನ ಕಥೆಗಾರರು ಸೈಕಲ್ಲಿನ ಮೇಲೆ ಮರದ ಚೌಕಟ್ಟನ್ನಿಟ್ಟು, ಚಿತ್ರಗಳನ್ನು ಒಂದೊಂದಾಗಿ ಹೊರಗೆಳೆಯುತ್ತ ಬೀದಿಯಲ್ಲಿ ಕಥೆ ಹೇಳುತ್ತಿದ್ದರು. ರಟ್ಟಿನ ಪೆಟ್ಟಿಗೆಯ ಮುಂಭಾಗದಲ್ಲಿ ಕಿಟಕಿ ಕತ್ತರಿಸಿ, ಪಕ್ಕದಲ್ಲಿ ಸೀಳು ಮಾಡಿ, ಹಿಂಬದಿಯನ್ನು ತೆರೆದಿಟ್ಟರೆ ಚೌಕಟ್ಟಾಯಿತು. ಹೊರಗೆಳೆದ ಚಿತ್ರ ಹಿಂದಕ್ಕೆ ಹೋಗುವುದರಿಂದ, ಮೊದಲ ಚಿತ್ರದ ಮಾತನ್ನು ಕೊನೆಯ ಕಾರ್ಡಿನ ಬೆನ್ನಿಗೂ, ಎರಡನೆಯದರ ಮಾತನ್ನು ಮೊದಲನೆಯದರ ಬೆನ್ನಿಗೂ ಬರೆಯಬೇಕು. ಚಿತ್ರದಲ್ಲಿ ಕಾಣುವುದನ್ನೇ ಮಾತಿನಲ್ಲಿ ಮತ್ತೆ ಹೇಳದಿರಲಿ. ಕಾರ್ಡನ್ನು ಅರ್ಧ ಎಳೆದು ನಿಲ್ಲಿಸುವ ಉಪಾಯವನ್ನು ಒಮ್ಮೆ ತೋರಿಸಿದರೆ ಸಾಕು, ಮಕ್ಕಳು ಅದನ್ನು ಮತ್ತೆ ಮತ್ತೆ ಬಳಸುತ್ತಾರೆ.

ಬಿಡಿಸಲು ಹಿಂಜರಿಯುವ ಮಕ್ಕಳಿಗೆ ನೆರಳಿನಾಟ ಹಿಡಿಸುತ್ತದೆ. ಬಿಳಿ ಬಟ್ಟೆ, ಟಾರ್ಚ್, ಕಡ್ಡಿಗೆ ಅಂಟಿಸಿದ ರಟ್ಟಿನ ಆಕೃತಿಗಳಿದ್ದರೆ ಸಾಕು. ಆಕೃತಿ ಟಾರ್ಚಿಗೆ ಹತ್ತಿರವಾದಷ್ಟೂ ನೆರಳು ದೊಡ್ಡದಾಗಿ ಮಸುಕಾಗುತ್ತದೆ, ಪರದೆಗೆ ಹತ್ತಿರವಾದಷ್ಟೂ ಚಿಕ್ಕದಾಗಿ ಸ್ಪಷ್ಟವಾಗುತ್ತದೆ. ಒಂದೇ ಇಲಿ ಹೀಗೆ ದೈತ್ಯನೂ ಆಗಬಲ್ಲದು.

ಫೋನಿನಲ್ಲಿ ಒಂದೊಂದೇ ಚಿತ್ರ ತೆಗೆದು ಜೇಡಿಮಣ್ಣಿನ ಗೊಂಬೆಯನ್ನು ನಡೆಸುವ ಸ್ಟಾಪ್ ಮೋಷನ್ ಕೆಲಸವನ್ನು ಕೊನೆಗಿಡಿ, ಅದು ತಾಳ್ಮೆ ಬೇಡುತ್ತದೆ. ಸೆಕೆಂಡಿಗೆ 12 ಚಿತ್ರದಂತೆ ಐದು ಸೆಕೆಂಡಿಗೆ 60 ಚಿತ್ರಗಳಾಗುತ್ತವೆ. ಒಂದು ಗುಂಪಿಗೆ ಅಷ್ಟೇ ಸಾಕು. ಫೋನನ್ನು ಅಲುಗದಂತೆ ಟೇಪಿನಿಂದ ಕಟ್ಟಿ, ಕಿಟಕಿಯ ಬೆಳಕು ಬದಲಾಗುತ್ತಿರುವುದರಿಂದ ಪರದೆ ಎಳೆದು ದೀಪದ ಬೆಳಕಿನಲ್ಲೇ ಚಿತ್ರ ತೆಗೆಸಿ. ಒಬ್ಬರು ಗೊಂಬೆ ಸರಿಸಿದರೆ ಇನ್ನೊಬ್ಬರು ಗುಂಡಿ ಒತ್ತಲಿ, ಮೂರನೆಯವರು ಒತ್ತುವ ಮೊದಲು ಯಾರ ಕೈಯೂ ಚೌಕಟ್ಟಿನೊಳಗಿಲ್ಲ ಎಂದು ನೋಡಿಕೊಳ್ಳಲಿ.