ಹೇಸರಗತ್ತೆಯ ದಾರಿ: ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ನನ್ನ ನಾಲ್ಕು ಚಳಿಗಾಲ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಗೆ ಬೆನ್ನುಚೀಲ ಹೊತ್ತು ಇಳಿದವರಿಗೆಲ್ಲ ಒಂದು ಪಾಠ ಕಂಠಪಾಠವಾಗಿರುತ್ತದೆ: ದಕ್ಷಿಣದ ಅಂಚಿನಿಂದ ತಳದ ನದಿಗಿಳಿಯುವ ಎರಡು ದಾರಿಗಳಲ್ಲಿ, ಸೌತ್ ಕೈಬಾಬ್‌ನಲ್ಲಿ ಇಳಿಯಬೇಕು, ಬ್ರೈಟ್ ಏಂಜಲ್‌ನಲ್ಲಿ ಹತ್ತಬೇಕು. ಕೈಬಾಬ್ ದಾರಿಯಲ್ಲಿ ಹನಿ ನೀರಿಲ್ಲ, ನೆರಳಿಲ್ಲ, ಏರು ಬಲು ಕಡಿದು. ಬ್ರೈಟ್ ಏಂಜಲ್ ಉದ್ದವಾದರೂ ನಡುವೆ ನೀರಿದೆ, ಮರಗಳಿವೆ. ಮೇ ತಿಂಗಳಿಗೆ ಈ ಮಾತು ನೂರಕ್ಕೆ ನೂರು ಸರಿ. ಜನವರಿಯಲ್ಲಿ ಇದನ್ನು ತಿರುವುಮುರುವು ಮಾಡಬೇಕೆಂದು ನಾನು 2018ರಿಂದಲೂ ಹೇಳುತ್ತ ಬಂದಿದ್ದೆ. ಫೀನಿಕ್ಸ್‌ನ ನಮ್ಮ ಚಾರಣದ ಗುಂಪಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. 2020ರ ಜನವರಿಯಲ್ಲಿ ಮಾಡಿ ತೋರಿಸಿದೆ. 2022ರಲ್ಲಿ ಹೆಂಡತಿಯನ್ನು ಕರೆದುಕೊಂಡು ಅದೇ ಸುತ್ತನ್ನು ಇನ್ನೊಮ್ಮೆ ಮುಗಿಸಿದ ಮೇಲೆ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಸೋಲಿನ ಕತೆ. 2016ರ ಡಿಸೆಂಬರ್‌ನಲ್ಲಿ ಮೂವರು ಹೋಗಿದ್ದೆವು. ಕಣಿವೆಯೊಳಗೆ ರಾತ್ರಿ ತಂಗುವ ಪರ್ಮಿಟ್‌ಗೆ ಆಗ ಫ್ಯಾಕ್ಸ್ ಕಳಿಸಬೇಕಾಗಿತ್ತು. ಕಂಪ್ಯೂಟರನ್ನೇ ನಂಬಿ ಅನ್ನ ತಿನ್ನುವ ಮೂವರೂ ಫ್ಯಾಕ್ಸ್ ಯಂತ್ರ ಹುಡುಕಿಕೊಂಡು ಊರೆಲ್ಲ ಅಲೆದದ್ದು ಈಗ ನೆನೆದರೆ ನಗು ಬರುತ್ತದೆ. ಪರ್ಮಿಟ್‌ಗೆ ಹತ್ತು ಡಾಲರ್, ತಲೆಗೆ ರಾತ್ರಿಯೊಂದಕ್ಕೆ ಎಂಟು ಡಾಲರ್. ಒಂದೇ ರಾತ್ರಿ ಉಳಿದದ್ದರಿಂದ ಎಲ್ಲ ಸೇರಿ ಮೂವತ್ತನಾಲ್ಕು. ಪರ್ಮಿಟ್ ಅಗ್ಗವಾಯಿತೆಂಬ ಹುಮ್ಮಸ್ಸಿನಲ್ಲಿ ಷೂಗೆ ಕಟ್ಟುವ ಮುಳ್ಳುಗಳಲ್ಲೂ ಉಳಿತಾಯ ಮಾಡಹೊರಟು, ಜೊತೆಯೊಂದಕ್ಕೆ ಇಪ್ಪತ್ತು ಡಾಲರಿನಂತೆ ರಬ್ಬರಿನವನ್ನು ಕೊಂಡೆವು. ಎಲ್ಲರೂ ಹೇಳಿದಂತೆಯೇ ಕೈಬಾಬ್‌ನಲ್ಲಿ ಸರಾಗವಾಗಿ ಇಳಿದೆವು. ಮರುದಿನ ಬ್ರೈಟ್ ಏಂಜಲ್ ಹತ್ತುತ್ತ ತ್ರೀ-ಮೈಲ್ ವಿಶ್ರಾಂತಿ ಮನೆಯನ್ನು ದಾಟುವ ಹೊತ್ತಿಗೆ ಕತ್ತಲಾಯಿತು. ಅಲ್ಲಿಂದ ಮೇಲೆ ದಾರಿಯುದ್ದಕ್ಕೂ, ಸಾವಿರ ಕಾಲುಗಳು ತುಳಿದು ಗಾಜಿನಂತೆ ನುಣುಪಾದ ನೀಲಿ ಮಂಜುಗಡ್ಡೆ. ಒಂದು ಜೊತೆ ರಬ್ಬರ್ ಅರ್ಧ ಗಂಟೆಯೊಳಗೆ ಹರಿಯಿತು. ಇನ್ನೊಂದು ಜೊತೆ ಹಿಮ್ಮಡಿಯಿಂದ ಕಳಚಿ ಕಣಿವೆಯ ಪಾಲಾಯಿತು. ಗೆಳೆಯನೊಬ್ಬ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಕೊನೆಯ ಐದು ಕಿಲೋಮೀಟರಿಗೆ ಹತ್ತಿರ ಹತ್ತಿರ ಐದು ಗಂಟೆ ಹಿಡಿಯಿತು. ಅದನ್ನು ಚಾರಣ ಮುಗಿಸಿದ್ದು ಎನ್ನುವುದಕ್ಕಿಂತ ಬದುಕಿ ಬಂದದ್ದು ಎನ್ನುವುದೇ ಸರಿ. ಮಣಿಕಟ್ಟಿನ ಎಕ್ಸ್-ರೇಗೆ ಕೊಟ್ಟ ದುಡ್ಡಿನಲ್ಲಿ ಮೂವರಿಗೂ ಒಳ್ಳೆಯ ಮೈಕ್ರೊಸ್ಪೈಕ್ ಬರುತ್ತಿತ್ತು.

ತಪ್ಪು ಸಲಕರಣೆಯದೂ ತಡವಾಗಿ ಹೊರಟದ್ದರದೂ ಎಂದುಕೊಂಡು 2018ರ ಫೆಬ್ರವರಿಯಲ್ಲಿ ಎರಡನ್ನೂ ತಿದ್ದಿದೆವು. ಎಪ್ಪತ್ತು ಡಾಲರಿನ ಉಕ್ಕಿನ ಹಲ್ಲಿನ ಸ್ಪೈಕ್‌ಗಳು ಬಂದವು. ಹತ್ತುವ ದಿನ ಬೆಳಗಿನ ಜಾವ ನಾಲ್ಕಕ್ಕೇ ತಲೆದೀಪ ಕಟ್ಟಿಕೊಂಡು ಹೊರಟೆವು. ಹತ್ತೂವರೆಗೆ ತ್ರೀ-ಮೈಲ್ ಮನೆಯಲ್ಲಿದ್ದೆವು. ಇನ್ನೇನು ಬಿಸಿಲೇರುತ್ತದೆ, ಮಂಜು ಸಡಿಲಾಗುತ್ತದೆ ಎಂದು ಕಾದೆವು. ಹನ್ನೆರಡಾಯಿತು, ಬಿಸಿಲು ಎದುರಿನ ಉತ್ತರದ ಅಂಚಿನ ಗೋಡೆಗಳ ಮೇಲೆಯೇ ಬಿದ್ದುಕೊಂಡಿತ್ತೇ ಹೊರತು ನಮ್ಮ ಕಡೆ ಬರಲೇ ಇಲ್ಲ. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಬ್ರೈಟ್ ಏಂಜಲ್ ದಾರಿ ಬಂಡೆಯ ಬಿರುಕೊಂದನ್ನು ಹಿಡಿದು ಇಳಿಯುತ್ತದೆ. ಎರಡೂ ಮಗ್ಗುಲಲ್ಲಿ ಗೋಡೆ, ಮುಖ ಉತ್ತರಕ್ಕೆ, ಚಳಿಗಾಲದ ಸೂರ್ಯನೋ ದಕ್ಷಿಣದಲ್ಲಿ ತಗ್ಗಿನಲ್ಲಿ. ಎಷ್ಟು ಬೇಗ ಹೊರಟರೂ ಎಷ್ಟು ಹೊತ್ತು ಕಾದರೂ ಆ ಬಿರುಕಿನ ಮೇಲ್ಭಾಗಕ್ಕೆ ಬಿಸಿಲಿನ ಭಾಗ್ಯವಿಲ್ಲ. ಕೈಬಾಬ್ ಹಾಗಲ್ಲ, ಅದು ಬಯಲಿಗೆ ಚಾಚಿದ ಏಣಿನ ಬೆನ್ನಿನ ಮೇಲೆ ಸಾಗುವುದರಿಂದ ಬಿಸಿಲು ಗಾಳಿ ಎರಡೂ ಮಂಜನ್ನು ತಿನ್ನುತ್ತವೆ. ಅಂಚಿನ ಕೆಳಗಿನ ಕಿರಿದಾದ ತಿರುವುಗಳಲ್ಲಿ ಮಾತ್ರ ಗಡ್ಡೆ ಉಳಿದಿರುತ್ತದೆ.

ಹೀಗೆ ಕಾಯುತ್ತ ಕೂತಿದ್ದಾಗಲೇ ಮೇಲಿನಿಂದ ಹೇಸರಗತ್ತೆಗಳ ಸಾಲು, ಬೆನ್ನ ಮೇಲೆ ಪ್ರವಾಸಿಗರನ್ನು ಹೊತ್ತು, ಗಡ್ಡೆಯ ಮೇಲೆ ನಿಧಾನವಾಗಿ ಗೊರಸೂರುತ್ತ ಇಳಿದು ಬಂತು. ನದಿಯ ಪಕ್ಕದ ತಂಗುದಾಣ ಫ್ಯಾಂಟಮ್ ರ‍್ಯಾಂಚ್‌ಗೆ ಸವಾರರನ್ನು ಒಯ್ಯುವ ಹೇಸರಗತ್ತೆಗಳು ಬ್ರೈಟ್ ಏಂಜಲ್‌ನಲ್ಲಿ ಇಳಿಯುತ್ತವೆ, ಕೈಬಾಬ್‌ನಲ್ಲಿ ಹತ್ತುತ್ತವೆ. ಇದು ನಮಗೆಲ್ಲ ಗೊತ್ತಿದ್ದ ಸಂಗತಿಯೇ. ಅದನ್ನು ನಮ್ಮ ಕಾಲಿಗೂ ಅನ್ವಯಿಸಬಹುದೆಂದು ಯಾರಿಗೂ ತೋಚಿರಲಿಲ್ಲ, ಅಷ್ಟೆ. ಗುಂಪಿನಲ್ಲಿ ಈ ಮಾತೆತ್ತಿದಾಗ, ಇವನಿಗೆ ಕತ್ತೆ ಗುರುವಾಯಿತು ಎಂದು ಆರು ತಿಂಗಳು ಆಡಿಕೊಂಡರು.

ಅವರ ಆಕ್ಷೇಪಣೆಯಲ್ಲಿ ತಿರುಳಿಲ್ಲದಿರಲಿಲ್ಲ. ಗಡ್ಡೆಯ ಮೇಲೆ ಹತ್ತುವುದಕ್ಕಿಂತ ಇಳಿಯುವುದು ಅಪಾಯ ಎಂಬುದು ಯಾರೂ ಅಲ್ಲಗಳೆಯುವ ಮಾತಲ್ಲ. ನನ್ನ ಲೆಕ್ಕ ಬೇರೆಯಿತ್ತು. ಇಳಿಯುವಾಗ ಆ ಐದು ಕಿಲೋಮೀಟರ್ ಎದುರಾಗುವುದು ಬೆಳಿಗ್ಗೆ, ಹೊಟ್ಟೆ ತುಂಬಿರುವಾಗ, ಮಂಡಿ ಗಟ್ಟಿಯಿರುವಾಗ, ಮುಂದೆ ಏಳು ಗಂಟೆಯ ಬೆಳಕಿರುವಾಗ. ಹತ್ತುವಾಗ ಅದೇ ಐದು ಕಿಲೋಮೀಟರ್ ಸುಮಾರು ಏಳುನೂರು ಮೀಟರ್ ಏರಿದ ಕಾಲಿಗೆ, ದಿನದ ಕೊನೆಯಲ್ಲಿ ಸಿಗುತ್ತದೆ. ನೀರಿನ ಪ್ರಶ್ನೆಗೂ ಉತ್ತರವಿತ್ತು. ಬ್ರೈಟ್ ಏಂಜಲ್‌ನ ಎರಡೂ ವಿಶ್ರಾಂತಿ ಮನೆಗಳ ನಲ್ಲಿಗಳನ್ನು ಚಳಿಗಾಲದಲ್ಲಿ ಮುಚ್ಚಿರುತ್ತಾರೆ. ಹಾಗಿರುವಾಗ ಆ ದಾರಿಯ ದೊಡ್ಡ ಹಿರಿಮೆಯೇ ಅರ್ಧಕ್ಕೆ ಇಳಿಯುತ್ತದೆ. ಮೂರು ಲೀಟರ್ ಹೊತ್ತು ಕೈಬಾಬ್ ಹತ್ತಿದ ನಾನು ಕುಡಿದದ್ದು ಎರಡು ಲೀಟರಿಗಿಂತ ಕಡಿಮೆ.

ಕೈಬಾಬ್ ದಾರಿ ಹುಟ್ಟಿದ್ದೂ ದುಡ್ಡಿನ ಜಗಳದಿಂದಲೇ ಎಂಬುದು ನನಗೆ ಇಷ್ಟವಾದ ಸಂಗತಿ. ರಾಲ್ಫ್ ಕ್ಯಾಮರಾನ್ ಎಂಬಾತ ಬ್ರೈಟ್ ಏಂಜಲ್‌ನಲ್ಲಿ ಸುಂಕ ವಸೂಲಿ ಮಾಡುತ್ತಿದ್ದುದರಿಂದ, ಅವನ ಹಂಗೇ ಬೇಡವೆಂದು ರಾಷ್ಟ್ರೀಯ ಉದ್ಯಾನದವರು 1924–25ರಲ್ಲಿ ಏಣಿನ ಮೇಲೆ ಹೊಸ ದಾರಿ ಕಡಿದರು. ಅಂದು ಸುಂಕ ತಪ್ಪಿಸಲು ಕಡಿದ ದಾರಿಯಿಂದ ಸುಮಾರು ನೂರು ವರ್ಷಗಳ ಮೇಲೆ ನನಗೆ ಮಂಜು ತಪ್ಪಿತು.

ಈಗ 2020ರ ಜನವರಿ. ಇಬ್ಬರೇ ಹೊರಟೆವು, ಮಣಿಕಟ್ಟು ಉಳುಕಿಸಿಕೊಂಡವನು ಬರಲಿಲ್ಲ. ಎರಡು ರಾತ್ರಿಯ ಪರ್ಮಿಟ್‌ಗೆ ನಲವತ್ತೆರಡು ಡಾಲರ್, ಕಾರಿನ ಪ್ರವೇಶಕ್ಕೆ ಮೂವತ್ತೈದು, ಉದ್ಯಾನದ ಹೊರಗಿನ ಟುಸಾಯನ್‌ನಲ್ಲಿ ಮೋಟೆಲ್‌ಗೆ ಎಂಬತ್ತೋ ತೊಂಬತ್ತೋ, ಪೆಟ್ರೋಲ್ ಊಟ ಎಲ್ಲ ಸೇರಿ ಇನ್ನೂರೈವತ್ತರ ಆಸುಪಾಸಿನಲ್ಲಿ ಮುಗಿಯಿತು. ಮೋಟೆಲ್ ದುಡ್ಡನ್ನು ಉಳಿಸಬಾರದೆಂಬುದು 2018ರಲ್ಲಿ ಕಲಿತ ಪಾಠ. ಆಗ ಅಂಚಿನ ಮೇಲಿನ ಮೇದರ್ ಶಿಬಿರತಾಣದಲ್ಲಿ ಟೆಂಟ್ ಹಾಕಿದ್ದೆವು. ರಾತ್ರಿ ಮೈನಸ್ ಹನ್ನೆರಡಕ್ಕೆ ಇಳಿದು, ಕಾರಿನಲ್ಲಿ ಬಿಟ್ಟಿದ್ದ ನೀರಿನ ಫಿಲ್ಟರ್ ಹೆಪ್ಪುಗಟ್ಟಿತು. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರಿನ ಒಳಗಿನ ಎಳೆಗಳು ಸೀಳಿದ್ದರೂ ಹೊರಗೆ ತಿಳಿಯುವುದಿಲ್ಲ. ನಲವತ್ತು ಡಾಲರಿನ ವಸ್ತುವನ್ನು ಕಸಕ್ಕೆ ಹಾಕಬೇಕಾಯಿತು. ಕಣಿವೆಯ ತಳದ ಶಿಬಿರದಲ್ಲಿ ವರ್ಷವಿಡೀ ನಲ್ಲಿ ನೀರಿರುತ್ತದೆಂಬುದು ನಿಜವೇ. ಆದರೆ ರೋರಿಂಗ್ ಸ್ಪ್ರಿಂಗ್ಸ್‌ನಿಂದ ನೀರು ತರುವ ಆ ಹಳೆಯ ಕೊಳವೆ ಆಗಾಗ ಒಡೆಯುತ್ತದೆ, ಆದ್ದರಿಂದ ಫಿಲ್ಟರ್ ಇಲ್ಲದೆ ನಾನು ಇಳಿಯುವುದಿಲ್ಲ. ಈಗ ಅದು ರಾತ್ರಿಯೆಲ್ಲ ನನ್ನ ಜೊತೆಗೇ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗುತ್ತದೆ. ಕೊಳವೆಯನ್ನು ಹೊಸದಾಗಿ ಹಾಕುವ ಕೆಲಸಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ದಾರಿಗಳನ್ನೂ ಶಿಬಿರಗಳನ್ನೂ ಆಗಾಗ ಮುಚ್ಚುತ್ತಿದ್ದಾರೆ. ಹೊರಡುವವರು ಅದನ್ನು ನೋಡಿಕೊಂಡೇ ಹೊರಡಬೇಕು.

ಬ್ರೈಟ್ ಏಂಜಲ್ ದಾರಿಯ ತಲೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಮೈನಸ್ ಒಂಬತ್ತು. ಸ್ಪೈಕ್‌ಗಳನ್ನು ಕಾರಿನ ಪಕ್ಕದಲ್ಲೇ ಕಟ್ಟಿಕೊಂಡೆವು. ಮಂಜು ಬಂದಾಗ ಕಟ್ಟಿದರಾಯಿತು ಎನ್ನುವವರು ಮೊದಲ ತಿರುವಿನಲ್ಲೇ ಕುಳಿತು ಜಾರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಊರಿಕೊಂಡು ನಡೆಯುವ ಪೋಲ್‌ಗಳ ತುದಿಯ ರಬ್ಬರ್ ಟೋಪಿ ತೆಗೆದು, ಚೀಲವನ್ನು ಹತ್ತು ಕಿಲೋಗೆ ಇಳಿಸಿ, ಹೆಜ್ಜೆಯನ್ನು ಚಿಕ್ಕದಾಗಿಟ್ಟು, ಗೋಡೆಯ ಬದಿಯಲ್ಲೇ ನಡೆದೆವು. ಹೇಸರಗತ್ತೆಗಳು ನಮಗಿಂತ ಮುಂಚೆ ಹಾದುಹೋಗಿದ್ದರೆ ಅವುಗಳ ಗೊರಸು ಗಡ್ಡೆಯನ್ನು ಒರಟಾಗಿಸಿರುತ್ತದೆ, ಲದ್ದಿ ಅಂಟುಹಿಡಿತ ಕೊಡುತ್ತದೆ. ಆದ್ದರಿಂದ ಅವುಗಳ ಹಿಂದೆ ಇಪ್ಪತ್ತು ನಿಮಿಷ ಬಿಟ್ಟು ಹೊರಡುವುದು ಒಳ್ಳೆಯದು. ವಾಸನೆಗೆ ಹೇಸುವವರಿಗೆ ಈ ಉಪಾಯ ಒಗ್ಗುವುದಿಲ್ಲ. ಐದು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು, ಒಬ್ಬರೂ ಬೀಳಲಿಲ್ಲ. ಸ್ಪೈಕ್ ಬಿಚ್ಚಿ ಚೀಲಕ್ಕೆ ಸೇರಿಸಿದ ಜಾಗದಲ್ಲಿ ನನ್ನ ಜೊತೆಗಾರ ಹಿಂದಿರುಗಿ ನೋಡಿ, ಕೆಲಸ ಮುಗಿದೇ ಹೋಯಿತಲ್ಲ ಎಂದ. ನನಗೆ ಬೇಕಾಗಿದ್ದುದು ಆ ಒಂದು ಮಾತು.

ಆಮೇಲಿನದು ಸುಖದ ಇಳಿಜಾರು. ಇಂಡಿಯನ್ ಗಾರ್ಡನ್ ಎಂದು ಆಗ ಕರೆಯುತ್ತಿದ್ದ ತೋಪಿನಲ್ಲಿ ಮಧ್ಯಾಹ್ನ ಏಳು ಡಿಗ್ರಿ. ಅಲ್ಲಿಂದ ಹೊರಹಾಕಿಸಿಕೊಂಡ ಜನರ ಹೆಸರನ್ನೇ ಇಟ್ಟು 2022ರ ಕೊನೆಗೆ ಅದನ್ನು ಹವಸುಪಾಯ್ ಗಾರ್ಡನ್ಸ್ ಮಾಡಿದರು. ಡೆವಿಲ್ಸ್ ಕಾರ್ಕ್‌ಸ್ಕ್ರೂ ತಿರುವುಗಳಲ್ಲಿ ಜಾಕೆಟ್ ತೆಗೆದೆವು. ಬೆಳ್ಳಿ ಸೇತುವೆ ದಾಟಿ ಶಿಬಿರ ಸೇರಿದಾಗ ನಾಲ್ಕೂಕಾಲು, ಹನ್ನೊಂದು ಡಿಗ್ರಿ. ಮೇಲೆ ಹಿಮ ಹೊದ್ದ ಪೈನ್ ಕಾಡು, ಕೆಳಗೆ ಪಾಪಾಸುಕಳ್ಳಿ; ಒಂದೇ ದಿನದಲ್ಲಿ ಕೆನಡಾದಿಂದ ಮೆಕ್ಸಿಕೊಗೆ ನಡೆದಂತೆ. ರಾತ್ರಿ ಒಂದು ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಜನವರಿಯಲ್ಲಿ ಕಣಿವೆಗೆ ಇಳಿಯುತ್ತೇವೆ ಎಂದಾಗ ಚಳಿಗೆ ಸಾಯುತ್ತೀರಿ ಎಂದವರಿಗೆ ನಾನು ತೋರಿಸುವುದು ಈ ಅಂಕಿಯನ್ನೇ.

ನಡುವಿನ ದಿನವನ್ನು ಪ್ರಯೋಗಗಳಿಗೆ ಇಟ್ಟುಕೊಂಡಿದ್ದೆ. ಒಂದು, ಊಟ. ಪ್ಯಾಕೆಟ್ ಊಟಕ್ಕೆ ಹೊತ್ತಿಗೆ ಹತ್ತು ಹನ್ನೆರಡು ಡಾಲರ್ ಕೊಡುವುದು ನನಗೆ ಮೊದಲಿನಿಂದಲೂ ಹೊಟ್ಟೆಯುರಿ. ಹುರಿಹಿಟ್ಟು, ಗೊಜ್ಜವಲಕ್ಕಿ, ಕಡಕ್ ರೊಟ್ಟಿಯ ಪುಡಿ, ಶೇಂಗಾ ಚಟ್ನಿಪುಡಿ ಇಷ್ಟರಲ್ಲಿ ಮೂರು ದಿನ ಕಳೆದೆವು. ಗೊಜ್ಜವಲಕ್ಕಿಗೆ ಬಿಸಿನೀರು ಸುರಿದು ಡಬ್ಬಿಯನ್ನು ಉಣ್ಣೆ ಟೋಪಿಯೊಳಗೆ ಹತ್ತು ನಿಮಿಷ ಇಟ್ಟರೆ ಮುಗಿಯಿತು. ಇಬ್ಬರಿಗೆ ಒಂದು ಚಿಕ್ಕ ಗ್ಯಾಸ್ ಡಬ್ಬಿಯಲ್ಲಿ ಅರ್ಧ ಉಳಿಯಿತು. ಹುರಿಹಿಟ್ಟಿಗೆ ನಾನು ಸೇರಿಸುವ ಎರಡು ಪದಾರ್ಥಗಳಲ್ಲಿ ಒಂದು ಒಣಶುಂಠಿ. ಇನ್ನೊಂದು ನಮ್ಮಜ್ಜಿಯದು, ಅದನ್ನು ಇಲ್ಲಿ ಬರೆಯಲಾರೆ. ಇನ್ನೊಂದು ಪ್ರಯೋಗ ಕಾದ ನೀರಿನ ಬಾಟಲಿಯದು. ಕಾಲ ಬಳಿ ಇಟ್ಟುಕೊಂಡ ಜೊತೆಗಾರನ ಬಾಟಲಿಗಿಂತ ತೊಡೆಗಳ ನಡುವೆ ಇಟ್ಟುಕೊಂಡ ನನ್ನದೇ ಹೆಚ್ಚು ಉಪಯುಕ್ತವೆನಿಸಿತು, ಆದರೆ ಇಬ್ಬರ ಸಾಕ್ಷ್ಯವನ್ನು ವಿಜ್ಞಾನವೆಂದು ಕರೆಯಲಾಗದು. ಸೋತ ಪ್ರಯೋಗವೂ ಒಂದಿದೆ: ಚೀಲವನ್ನು ಮರದ ಕೆಳಗೆ ಬಿಟ್ಟು ನದಿಗೆ ಹೋಗಿ ಬರುವಷ್ಟರಲ್ಲಿ ಕಾಡುಕಾಗೆಗಳು ಜಿಪ್ ಎಳೆದು ಅರ್ಧ ಸೇರು ಕೋಡುಬಳೆಯನ್ನು ಮುಗಿಸಿದ್ದವು. ಪ್ರತಿ ಜಾಗದಲ್ಲೂ ಲೋಹದ ಪೆಟ್ಟಿಗೆಗಳನ್ನು ಇಟ್ಟಿರುವುದು ಏತಕ್ಕೆಂದು ಆಗ ಮನದಟ್ಟಾಯಿತು.

ಮೂರನೆಯ ದಿನ ಏಳೂಕಾಲಿಗೆ ಕಪ್ಪು ಸೇತುವೆ ದಾಟಿದೆವು. 1928ರಲ್ಲಿ ಮುಗಿದ ಈ ಸೇತುವೆಯ ಉಕ್ಕಿನ ಹಗ್ಗಗಳನ್ನು ನಲವತ್ತಕ್ಕೂ ಹೆಚ್ಚು ಮಂದಿ, ಬಹುತೇಕ ಹವಸುಪಾಯ್ ಜನ, ಸಾಲಾಗಿ ಹೆಗಲ ಮೇಲೆ ಹೊತ್ತು ಇದೇ ಕೈಬಾಬ್ ದಾರಿಯಲ್ಲಿ ಇಳಿಸಿದ್ದರು. ಹತ್ತು ಕಿಲೋ ಚೀಲದ ಬಗ್ಗೆ ದೂರು ಹೇಳಬಾರದೆಂದು ಅಲ್ಲಿಯೇ ಮಾತಾಯಿತು. ಶಿಬಿರದಿಂದ ಮೇಲಿನ ಅಂಚಿಗೆ ಹನ್ನೊಂದು ಕಿಲೋಮೀಟರಿನಲ್ಲಿ ಸುಮಾರು ಸಾವಿರದ ನಾಲ್ಕುನೂರೈವತ್ತು ಮೀಟರ್ ಏರು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಅಂದಾಜು ಸಿಗುತ್ತದೆ. ದಾರಿಯ ನಡುವಿನ ಟಿಪ್ ಆಫ್ ಎಂಬ ಜಾಗಕ್ಕೆ ಹತ್ತು ಗಂಟೆಗೆ ಬಂದಾಗ ಬೆನ್ನಿಗೆ ಬಿಸಿಲು ಬಿದ್ದಿತು. ಬೇಸಿಗೆಯಲ್ಲಿ ಎಲ್ಲರೂ ಶಪಿಸುವ ಅದೇ ನೆರಳಿಲ್ಲದ ಬಯಲು ಅಂದು ನನಗೆ ಹಾಸಿಗೆಯಂತೆ ಕಂಡಿತು. ನನ್ನ ವಿಧಾನದ ಕುಂದು ಅಲ್ಲಿಂದ ಮೇಲೆ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ: ಸ್ಕೆಲಿಟನ್ ಪಾಯಿಂಟ್‌ನಿಂದ ಸೀಡರ್ ರಿಜ್‌ವರೆಗೆ ಏಣಿನ ಮೇಲೆ ಬೀಸುವ ಗಾಳಿ ಕಿವಿಯನ್ನೇ ಕತ್ತರಿಸುತ್ತದೆ, ಬೆವೆತ ಬೆನ್ನು ನಿಂತರೆ ಹೆಪ್ಪುಗಟ್ಟುತ್ತದೆ. ಆ ನಡುವೆ ಗಾಳಿ ಸುಳಿಯದ, ಬಿಸಿಲು ತುಂಬಿದ ಒಂದು ಬಂಡೆಯ ಸಂದಿಯನ್ನು ಪತ್ತೆಮಾಡಿ ಅಲ್ಲಿ ಮುಕ್ಕಾಲು ಗಂಟೆ ಕೂತು ಊಟ ಮಾಡಿದೆವು. ಜಾಗ ಎಲ್ಲಿದೆಯೆಂದು ಗುಂಪಿನವರಿಗೂ ಹೇಳಿಲ್ಲ. ಹೇಳಿದರೆ ಮುಂದಿನ ವರ್ಷ ನನಗೆ ಕೂರಲು ಜಾಗವಿರುವುದಿಲ್ಲ.

ಸೀಡರ್ ರಿಜ್‌ನ ಕೆಳಗೆ ಹೇಸರಗತ್ತೆಗಳು ಹಿಂದಿನಿಂದ ಬಂದು ನಮ್ಮನ್ನು ದಾಟಿದವು. ಗೋಡೆಯ ಬದಿಗೆ ಸರಿದು ನಿಂತು ನಮಸ್ಕಾರ ಮಾಡಿದೆ, ಜೊತೆಗಾರ ಅದರ ಫೋಟೊ ತೆಗೆದು ಅಲ್ಲಿಂದಲೇ ಗುಂಪಿಗೆ ಕಳಿಸಲು ನೋಡಿದ, ಸಿಗ್ನಲ್ ಇರಲಿಲ್ಲ. ಕೊನೆಯ ಒಂದೂವರೆ ಕಿಲೋಮೀಟರಿಗೆ ಮಾತ್ರ ಸ್ಪೈಕ್ ಬೇಕಾಯಿತು. ಎರಡೂವರೆಗೆ ಅಂಚಿನ ಮೇಲಿದ್ದೆವು. ಮೈನಸ್ ಎರಡು ಡಿಗ್ರಿ, ಇನ್ನೂ ಮೂರು ಗಂಟೆಯ ಬೆಳಕು. ಕೈಬಾಬ್ ತಲೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲವಾದ್ದರಿಂದ ಶಟಲ್ ಬಸ್ಸಿಗೆ ಕಾಲು ಗಂಟೆ ಕಾದು, ಮೊದಲ ದಿನ ಹೊರಟಿದ್ದ ಅಂಚಿನ ಹಳ್ಳಿಗೆ ಹೋಗಿ ಕಾರು ತೆಗೆದುಕೊಂಡೆವು. ಚೀಲದಲ್ಲಿ ಸುಮಾರು ಮುನ್ನೂರು ಗ್ರಾಂ ಹುರಿಹಿಟ್ಟೂ ಕಲ್ಲಿನಂತೆ ಗಟ್ಟಿಯಾದ ತುಪ್ಪದ ಡಬ್ಬಿಯೂ ಉಳಿದಿದ್ದವು. 2022ರಲ್ಲಿ ತುಪ್ಪವನ್ನು ಹಿಟ್ಟಿಗೇ ಕಲಸಿ ಉಂಡೆ ಕಟ್ಟಿಕೊಂಡು ಹೋದೆವು, ಒಂದೂ ಉಳಿಯಲಿಲ್ಲ.