ತಾಮ್ರ ಹಾಕಿದರೂ ಜೀವಕೋಶ ಸಾಯಲಿಲ್ಲ, ಯಾಕೆ?

ಪುಣೆಯ ಪಾಷಾಣ್ ಹತ್ತಿರದ ಒಂದು ಲ್ಯಾಬಿನಲ್ಲಿ ಮನುಷ್ಯರ ಜೀವಕೋಶ ಬೆಳೆಸುವುದು ನನ್ನ ಕೆಲಸ. ಕಳೆದ ಮಳೆಗಾಲ ಪೂರ್ತಿ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆ. ತಾಮ್ರ ಜಾಸ್ತಿಯಾದಾಗ ಜೀವಕೋಶ ಸಾಯುತ್ತದಲ್ಲ, ಆಗ ಒಳಗಿನ ಯಾವ ಪ್ರೋಟೀನ್ ಅದಕ್ಕೆ ದಾರಿ ಮಾಡಿಕೊಡುತ್ತದೆ?

ಈ ಬಗೆಯ ಸಾವಿಗೆ 2022ರಲ್ಲಿ ಕ್ಯುಪ್ರೊಪ್ಟೋಸಿಸ್ ಎಂದು ಹೆಸರಿಟ್ಟರು. ಅದರಲ್ಲಿ ಎಫ್‌ಡಿಎಕ್ಸ್1 ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಅದನ್ನು ನನ್ನ ಕಣ್ಣಾರೆ ನೋಡಬೇಕಿತ್ತು. ಎರಡು ಬಗೆಯ ಜೀವಕೋಶ ಇಟ್ಟುಕೊಂಡೆ. ಒಂದು ಇದ್ದ ಹಾಗೇ, ಇನ್ನೊಂದರಲ್ಲಿ ಎಫ್‌ಡಿಎಕ್ಸ್1 ಜೀನ್ ಕತ್ತರಿಸಿದ್ದು. ಎಲೆಸ್ಕ್ಲೊಮಾಲ್ ಎಂಬ ಔಷಧ ತಾಮ್ರವನ್ನು ಒಳಗೆ ಹೊತ್ತೊಯ್ಯುತ್ತದೆ. ಅದನ್ನು ತಾಮ್ರದ ಜೊತೆ ಬೆರೆಸಿ 2 ಗಂಟೆ ಇಟ್ಟು ತೊಳೆದೆ.

ಸಂಜೆ ನೋಡಿದರೆ ಎಲ್ಲಾ ಆರಾಮಾಗಿದ್ದವು. ಮರುದಿನವೂ ಅಷ್ಟೆ. ಮೂರು ಸಲ ಹೀಗೇ ಆಯಿತು. ತುಂಬಾ ಬೇಜಾರಾಯಿತು.

ಜೊತೆಗಿದ್ದ ಧಾರವಾಡದ ಹುಡುಗಿ ಒಂದೇ ಮಾತು ಕೇಳಿದಳು: "ಅಕ್ಕಾರ, ಇವಕ್ಕ ಏನ್ ಊಟ ಹಾಕೀರಿ?"

ಗ್ಲೂಕೋಸ್! ಗ್ಲೂಕೋಸ್ ಹೇರಳವಾಗಿದ್ದರೆ ಇಂಥ ಜೀವಕೋಶ ಒಳಗಿನ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯಾವನ್ನು ಅಷ್ಟಾಗಿ ನೆಚ್ಚುವುದಿಲ್ಲ. ತಾಮ್ರದ ಪೆಟ್ಟು ಬೀಳುವುದೇ ಅಲ್ಲಿ. ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಹಾಕಿದೆ. ಆಗ ಅವು ಮೈಟೊಕಾಂಡ್ರಿಯಾ ನಂಬಿಯೇ ಬದುಕಬೇಕು.

ಈ ಸಲ ಅವಸರ ಮಾಡದೆ ಎರಡು ದಿನ ಕಾದೆ. ಔಷಧ ತೊಳೆದ ಮೇಲೂ ಸಾವು ಬರಲು 24 ಗಂಟೆಗಿಂತ ಜಾಸ್ತಿ ಬೇಕು. ಟ್ರಿಪಾನ್ ಬ್ಲೂ ಬಣ್ಣ ಹಾಕಿ, ಎಣಿಸಲೆಂದು ಚೌಕಗಳನ್ನು ಗೀರಿದ ಗಾಜಿನ ಮೇಲೆ ಒಂದು ಹನಿ ಬಿಟ್ಟೆ. ಸತ್ತ ಜೀವಕೋಶ ಬಣ್ಣ ಕುಡಿಯುತ್ತದೆ, ಬದುಕಿದ್ದು ಕುಡಿಯುವುದಿಲ್ಲ. ಮೊದಲ ಬಗೆಯಲ್ಲಿ ಚೌಕ ಚೌಕದಲ್ಲೂ ನೀಲಿ ಚುಕ್ಕೆ. ಜೀನ್ ಕತ್ತರಿಸಿದ್ದರಲ್ಲಿ ದುಂಡಗೆ ಹೊಳೆಯುವ ಜೀವಕೋಶಗಳೇ ತುಂಬಿದ್ದವು. ಎಣಿಸುವ ಕೈ ಸ್ವಲ್ಪ ನಡುಗಿತು.

ಎಫ್‌ಡಿಎಕ್ಸ್1 ಎರಡು ಕೆಲಸ ಮಾಡುತ್ತದೆ. ತಾಮ್ರವನ್ನು ಹೆಚ್ಚು ವಿಷದ ರೂಪಕ್ಕೆ ತಿರುಗಿಸುತ್ತದೆ. ಮೈಟೊಕಾಂಡ್ರಿಯಾದ ಕೆಲವು ಪ್ರೋಟೀನುಗಳಿಗೆ ಲಿಪೊಯಿಕ್ ಆಮ್ಲ ಎಂಬ ಸಣ್ಣ ಅಣು ಅಂಟಲೂ ಅದು ಬೇಕು. ಡಿಎಲ್‌ಎಟಿ ಅಂಥದ್ದೊಂದು. ತಾಮ್ರ ಹೋಗಿ ಹಿಡಿಯುವುದು ಆ ಅಂಟಿದ ಜಾಗವನ್ನೇ. ಹಿಡಿದರೆ ನಿಂಬೆ ಹಿಂಡಿದ ಹಾಲಿನ ಹಾಗೆ ಪ್ರೋಟೀನ್ ಒಡೆದು ಗಂಟಾಗುತ್ತದೆ.

ಖಾತ್ರಿಗೆ ಇನ್ನೊಂದು ತಟ್ಟೆಯಲ್ಲಿ ಮೊದಲ ಬಗೆಯ ಜೀವಕೋಶಕ್ಕೇ ತಾಮ್ರವನ್ನು ಕಟ್ಟಿಹಾಕುವ ಟೆಟ್ರಾಥಯೊಮಾಲಿಬ್ಡೇಟ್ ಹಾಕಿದೆ. ಅಲ್ಲಿ ನೀಲಿ ಚುಕ್ಕೆ ಹುಡುಕಬೇಕಾಯಿತು.

ಈಗ ಎಟಿಪಿ7ಬಿ ಕಡೆಗೆ ಹೊರಳಿದ್ದೇನೆ. ಯಕೃತ್ತಿನ ಜೀವಕೋಶದಿಂದ ತಾಮ್ರವನ್ನು ಹೊರಹಾಕುವ ಪ್ರೋಟೀನ್ ಅದು. ಅದು ಕೆಟ್ಟರೆ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ. ಹೊಸ ತಟ್ಟೆಗಳ ಮೇಲೆ ಮೊದಲು ಬರೆದದ್ದು ಊಟದ ಹೆಸರು: ಗ್ಯಾಲಕ್ಟೋಸ್.